ಬರ್ತೇನ್ರಿ ಅಂದ ಪೆಟ್ಟಿಗೆ

ಹೋದ ವಾರ ಗೋವಾದ ಕೆಪೆಯಲ್ಲಿ, ಅಕ್ಕನ ಮಗಳ ಕಾಲೇಜಿನ ಕಾಗದಗಳನ್ನು ಹಿಡಿದುಕೊಂಡು ಒಂದು ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಮಳೆ ಆಗಷ್ಟೇ ನಿಂತಿತ್ತು. ಕರೆಂಟ್ ಹೋಗಿ ಅರ್ಧ ಗಂಟೆಯಾಗಿತ್ತು. ಒದ್ದೆ ಕೊಡೆಗಳನ್ನು ಬಾಗಿಲಿಗೆ ಒರಗಿಸಿ ನಾಲ್ಕೈದು ಜನ ಕಾಯುತ್ತಿದ್ದರು. ತೇವದ ಗೋಡೆಯ ವಾಸನೆ, ಹಳೆಯ ಕಾಗದದ ವಾಸನೆ ಎರಡೂ ಸೇರಿ ಮೂಗಿಗೆ ಬಡಿಯುತ್ತಿದ್ದವು. ಆಮೇಲೆ ಫ್ಯಾನು ಒಮ್ಮೆ ಕಿರ್ರೆಂದು ತಿರುಗಿತು, ಟ್ಯೂಬ್‌ಲೈಟ್ ಮಿನುಗಿತು, ಅಂಗಡಿಯ ಹುಡುಗಿ ಬಾಗಿ ಒಂದು ಬಟನ್ ಒತ್ತಿದಳು, ಕೌಂಟರಿನ ಕೆಳಗಿಂದ ಒಬ್ಬ ಹೆಂಗಸು ಮಾತಾಡಿದಳು.

“ಬಂದೆ ನೋಡ್ರಿ.”

ಕೈಯಲ್ಲಿದ್ದ ಕಾಗದಗಳು ಜಾರಿ ನೆಲಕ್ಕೆ ಬಿದ್ದವು. ಉಳಿದವರು ಯಾರೂ ತಲೆಯೆತ್ತಲಿಲ್ಲ; ಅವರಿಗೆ ಅದು ದಿನಾ ಕೇಳುವ ದನಿ ಇರಬೇಕು. ಕೌಂಟರಿನ ಹುಡುಗಿ ಏನೂ ಆಗಿಲ್ಲವೆಂಬಂತೆ ಮುಂದಿನವರ ಪುಸ್ತಕಕ್ಕೆ ಕೈಚಾಚಿದಳು. ಅದು ಯಾರ ದನಿಯೆಂದು ನನಗೆ ಮಾತ್ರ ಗೊತ್ತಿತ್ತು. ಅದು ನೀಲವ್ವನ ದನಿ. ನೀಲವ್ವ ಸತ್ತು ಆರು ಮಳೆಗಾಲ ಕಳೆದಿವೆ. ಆ ದನಿಯನ್ನು ಪೆಟ್ಟಿಗೆಗೆ ತುಂಬಿದವಳು ನಾನು. ಇದ್ದಬದ್ದ ಪೆಟ್ಟಿಗೆಗಳಿಂದೆಲ್ಲ ತೆಗೆದು ಹಾಕಿದೆ ಅಂದುಕೊಂಡಿದ್ದವಳೂ ನಾನೇ.

ಆ ವರ್ಷ ನಾವು ಮೂವರು ವಾಸ್ಕೋದಲ್ಲಿ, ಮಂಗೋರ್ ಹಿಲ್‌ನ ಇಳಿಜಾರು ಮುಗಿಯುವಲ್ಲಿ, ಒಂದು ಟಯರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆವು. ಮೂವರೆಂದರೆ ಆಗ್ನೆಲ್, ನಾನು, ಮತ್ತು ಕಸ ಗುಡಿಸಿ ಚಹಾ ಮಾಡಿಕೊಡುತ್ತಿದ್ದ ನೀಲವ್ವ. ಆಗ್ನೆಲ್‌ಗೆ ಐವತ್ತು ದಾಟಿತ್ತು. ಹಡಗಿನ ಕಂಪನಿಯೊಂದರಲ್ಲಿ ಕಂಪ್ಯೂಟರು ನೋಡಿಕೊಂಡಿದ್ದವರು, ಕೆಲಸ ಬಿಟ್ಟು ಎಷ್ಟೋ ವರ್ಷ ಒಬ್ಬರೇ ಕೂತು ಒಂದು ಸರ್ವರ್ ಆಪರೇಟಿಂಗ್ ಸಿಸ್ಟಮ್ ಕಟ್ಟಿದ್ದರು. ಒಂದು ಆಫೀಸಿನ ಕಂಪ್ಯೂಟರುಗಳ ಕಡತಗಳನ್ನೆಲ್ಲ ಒಂದೇ ಕಡೆ ಜೋಪಾನ ಮಾಡಿ, ಕೇಳಿದವರಿಗೆ ಕೇಳಿದ್ದನ್ನು ಕೊಡುವ ಪೆಟ್ಟಿಗೆಗೆ ಸರ್ವರ್ ಅನ್ನುತ್ತಾರಲ್ಲ, ಅದರೊಳಗೆ ಕೂತು ಅದನ್ನು ಓಡಿಸುವ ತಂತ್ರಾಂಶ. ಹೆಸರು ದರ್ಯಾ. ಕೊಂಕಣಿಯಲ್ಲಿ ಸಮುದ್ರ. ಒಳಗಿನ ಬರಹವೆಲ್ಲ ಬಿಚ್ಚಿಟ್ಟದ್ದು, ಪುಕ್ಕಟೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ತೆಗೆದುಕೊಂಡವರು ಹೆಸರು ಹೇಳಬೇಕಿಲ್ಲ, ಕೊಟ್ಟವರು ಕೇಳುವಂತಿಲ್ಲ. ಆಗ್ನೆಲ್‌ಗೆ ಅದೇ ದೊಡ್ಡ ಹೆಮ್ಮೆ.

ಕಷ್ಟವೆಂದರೆ ಅದನ್ನು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ತಿಳಿದವರು ನೋಡಿದರೆ ಭೇಷ್ ಅನ್ನುತ್ತಿದ್ದರು, ತಮ್ಮ ಮನೆಗೆ ಮಾತ್ರ ಒಯ್ಯುತ್ತಿರಲಿಲ್ಲ. ತಿಳಿಯದವರಿಗೆ ಕಂಡದ್ದು ಕಪ್ಪು ಪರದೆ, ಬಿಳಿ ಅಕ್ಷರ, ತಪ್ಪು ಮಾಡಿದರೆ ಗದರಿದ ಹಾಗೆ ಒಂದು ಸಾಲು ಇಂಗ್ಲಿಷ್. ನಮಗೆ ಕೋಣೆ ಕೊಟ್ಟಿದ್ದ ಟ್ರಸ್ಟಿನವರು ಹೇಳಿಯೇಬಿಟ್ಟಿದ್ದರು: ಈ ಮಳೆಗಾಲ ಮುಗಿಯುವುದರೊಳಗೆ ಐದು ಕಡೆಯಾದರೂ ದರ್ಯಾ ಓಡುತ್ತಿರಬೇಕು, ಇಲ್ಲವಾದರೆ ಕೋಣೆ ಬೇರೆಯವರಿಗೆ. ಜನಕ್ಕೆ ಇಷ್ಟವಾಗುವ ಹಾಗೆ ಅದನ್ನು ತಿದ್ದುವುದಕ್ಕೆಂದೇ ನನ್ನನ್ನು ಸೇರಿಸಿಕೊಂಡಿದ್ದರು. ಬಂದರದ ಹಮಾಲರ ಮಗಳು, ಕಂಪ್ಯೂಟರು ಕಲಿತವಳು, ಬಾಯಿ ಜೋರು. ಇವಳಿಗೆ ಜನ ಗೊತ್ತು ಅಂದುಕೊಂಡರು ಆಗ್ನೆಲ್. ನಾನೂ ಹಾಗೇ ಅಂದುಕೊಂಡಿದ್ದೆ.

ಜೂನ್ ಪೂರ್ತಿ ಮೈಮುರಿದು ಕೆಲಸ ಮಾಡಿದೆವು. ಇಪ್ಪತ್ತು ಹಂತದ ಜೋಡಣೆಯನ್ನು ನಾಲ್ಕಕ್ಕೆ ಇಳಿಸಿದೆವು. ಕಪ್ಪು ಪರದೆ ಹೋಗಿ ತಿಳಿನೀಲಿ ಬಂತು. ಚಿತ್ರಗಳಿರುವ ಒಂದು ತೆಳು ಪುಸ್ತಕ ಮಾಡಿದೆ. ಆದರೂ ಒಂದು ತೊಡಕು ಉಳಿಯಿತು. ಸಣ್ಣ ಕಡೆಗಳಲ್ಲಿ ಸರ್ವರ್ ಅಂದರೆ ಮೇಜಿನ ಕೆಳಗೆ ಧೂಳು ತಿನ್ನುವ ಒಂದು ಪೆಟ್ಟಿಗೆ. ಅದಕ್ಕೆ ಪರದೆಯೇ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹತ್ತು ಸಲ ಹೋಗಿ ಬರುತ್ತದೆ. ಪೆಟ್ಟಿಗೆ ಎದ್ದಿದೆಯೋ ಬಿದ್ದಿದೆಯೋ ಹೊರಗಿನವರಿಗೆ ತಿಳಿಯುವುದು ಹೇಗೆ? ಅದಕ್ಕೊಂದು ದನಿ ಕೊಡೋಣ, ಒಂದು ಚಿಕ್ಕ ಸ್ಪೀಕರ್ ಸಿಕ್ಕಿಸೋಣ, ಅದೇ ಬಾಯಿಬಿಟ್ಟು ಹೇಳಲಿ ಅಂದೆ. ಆಗ್ನೆಲ್ ಒಪ್ಪಿದರು. ಮೊದಲು ನನ್ನದೇ ದನಿಯಲ್ಲಿ ಹೇಳಿ ನೋಡಿದೆ. ‘ವ್ಯವಸ್ಥೆ ಸಿದ್ಧವಾಗಿದೆ.’ ಬ್ಯಾಂಕಿನ ಫೋನಿನಲ್ಲಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನುವವಳ ಹಾಗಿತ್ತು.

ನೆಲ ಒರೆಸುತ್ತಿದ್ದ ನೀಲವ್ವ ನಕ್ಕಳು. ಅವಳು ಮುದ್ದೇಬಿಹಾಳದ ಕಡೆಯವಳು, ನಮ್ಮ ಓಣಿಯವಳೇ. ನಾನು ಸಣ್ಣವಳಿದ್ದಾಗಿನಿಂದ ನೀಲಕ್ಕ ಅಂತಲೇ ಕರೆಯುತ್ತಿದ್ದೆ. ದನಿ ತುಸು ಒರಟು, ಬಾಗಿಲ ಮರೆಯಲ್ಲಿ ನಿಂತು ಮಾತಾಡಿದ ಹಾಗೆ ಕೆಳಗಿನದು. ಮನಿಗೆ ಬಂದವರು ಹಂಗಂತಾರೇನು ಅಂತ ಕೇಳಿದಳು. “ಬಂದೆ ನೋಡ್ರಿ ಅನ್ನಬೇಕು.” ನಾನು ಫೋನ್ ಹಿಡಿದು, ಇನ್ನೊಮ್ಮೆ ಅನ್ನು ಅಂದೆ. ಅಂದಳು. ಅವತ್ತು ಮಧ್ಯಾಹ್ನ ಪಟ್ಟಿಯಲ್ಲಿದ್ದ ಒಂದೊಂದೇ ಸೂಚನೆಯನ್ನು ನಾನು ಓದುವುದು, ಅವಳು ಅದನ್ನು ತನ್ನ ಮಾತಿಗೆ ತಿರುಗಿಸುವುದು. ಕಡತ ಉಳಿಸಿಕೊಳ್ಳುತ್ತಿದೆ ಅನ್ನುವುದಕ್ಕೆ ‘ತಡೀರಿ, ಬರಕೊಳ್ಳಾಕತ್ತೇನಿ’. ಪೆಟ್ಟಿಗೆ ಬಿಸಿಯಾದರೆ ‘ಭಾಳ ಸೆಕಿ ಆಗಾಕತ್ತೈತ್ರಿ’. ಜಾಗ ತುಂಬಿದರೆ ‘ಇನ್ನ ಹಿಡಿಸೂದಿಲ್ರಿ’. ಕೊನೆಯದು ಯಂತ್ರ ಮುಚ್ಚಿಕೊಳ್ಳುವಾಗಿನ ಸೂಚನೆ. ನಾನು ಓದುವ ಮೊದಲೇ ಅವಳು ಪೊರಕೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನಿಜವಾಗಿಯೂ ಹೊರಟು ನಿಂತವಳ ಹಾಗೆ ಹೇಳಿದಳು: “ಬರ್ತೇನ್ರಿ.”

ಅದೇ ಹೊತ್ತಿಗೆ ಕೆಳಗೆ ಬೀದಿಯಲ್ಲಿ ಸಂಜೆಯ ಪಾವ್ ಬ್ರೆಡ್ಡು ಮಾರುವವನು ಸೈಕಲ್ಲಿನಲ್ಲಿ ಹೋದ. ಅವನ ಹಾರ್ನಿನ ಪೋಂ ಪೋಂ ಕೂಡ ರೆಕಾರ್ಡಿನ ತುದಿಗೆ ಅಂಟಿಕೊಂಡಿತು. ಕತ್ತರಿಸೋಣವೆಂದುಕೊಂಡೆ, ಸೋಮಾರಿತನದಿಂದ ಬಿಟ್ಟೆ.

ಆ ದನಿಯೇ ನಮ್ಮನ್ನು ದಡ ಹತ್ತಿಸಿತು. ಕೆಪೆಯ ಒಬ್ಬ ಡಾಕ್ಟರಮ್ಮ ಮೊದಲು ತೆಗೆದುಕೊಂಡರು. ಅವರಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯ ಕೂಲಿಯವರು. ಆಮೇಲೆ ಫೋಂಡಾದ ಒಂದು ಟೈಲ್ಸ್ ಗೋದಾಮು, ವಾಸ್ಕೋದ ಒಂದು ಟ್ಯೂಶನ್ ಕ್ಲಾಸು. ಪೆಟ್ಟಿಗೆ ಮಾತಾಡುವುದನ್ನು ಕೇಳಿದವರು ನಗುತ್ತಿದ್ದರು, ನಕ್ಕವರು ಇಟ್ಟುಕೊಳ್ಳುತ್ತಿದ್ದರು. ಇನ್ನೂ ಕೆಲವರು ಎಲ್ಲಿಂದಲೋ ಇಳಿಸಿಕೊಂಡದ್ದು ನಮ್ಮ ಲೆಕ್ಕದ ಪುಟದಲ್ಲಿ ಕಾಣುತ್ತಿತ್ತು, ಯಾರೆಂದು ಗೊತ್ತಿರಲಿಲ್ಲ. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ ಅನ್ನಬೇಕು.

ಜುಲೈ ನಡುವಿನಲ್ಲಿ ಕೆಪೆಯಿಂದ ಡಾಕ್ಟರಮ್ಮನ ಫೋನು ಬಂತು. ದನಿ ಬಿಸಿಯಾಗಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಬ್ಬ ರೋಗಿಯ ಹಳೆಯ ಚೀಟಿಯೂ ತೆರೆದಿರಲಿಲ್ಲವಂತೆ. ಹಿಂದಿನ ಸಂಜೆ ಕರೆಂಟ್ ಹೋದಾಗ ಪೆಟ್ಟಿಗೆ ಯುಪಿಎಸ್ ಬ್ಯಾಟರಿಯಲ್ಲಿ ಒಂದೆರಡು ನಿಮಿಷ ಉಳಿದು, ಹೇಳಬೇಕಾದ್ದನ್ನು ಹೇಳಿ ಮುಚ್ಚಿಕೊಂಡಿತ್ತು. ಬೆಳಿಗ್ಗೆ ಅವರ ಕಂಪೌಂಡರ್ ಮೌಲಾಲಿ ಬಂದು, ಬಟನ್ ಒತ್ತದೆ, ಪೆಟ್ಟಿಗೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತುಬಿಟ್ಟಿದ್ದ. ಮೌಲಾಲಿ ಸಿಂದಗಿಯವನು, ಹತ್ತಿರ ಹತ್ತಿರ ಅರವತ್ತರವನು. ಫೋನ್ ಅವನ ಕೈಗೆ ಕೊಡಿಸಿ, ಹೀಗ್ಯಾಕೆ ಮಾಡಿದಿರಿ ಎಂದು ಕೇಳಿದೆ.

“ಬರ್ತೇನ್ರಿ ಅಂದಿತ್ತಲ್ರಿ, ಬರೂತನಾ ಕುಂತಿದ್ದೆ” ಅಂದ. ಮನುಷ್ಯರು ಬರ್ತೇನಿ ಅಂದರೆ ಹೋಗುತ್ತಾರೆ ಅಂತ ನಿಮಗೆ ಗೊತ್ತಿಲ್ಲವೇ ಅಂದೆ. ಅದಕ್ಕವನು ಭಾಳ ಸಮಾಧಾನದಿಂದ ಹೇಳಿದ: “ಮನಷ್ಯಾರ ಅಂದಿದ್ರ ತಿಳೀತಿತ್ರಿ. ಮಶೀನ್ ಸುಳ್ಳ ಹೇಳೂದಿಲ್ಲ ಅಂತ ತಿಳಕೊಂಡೆ.”

ನಾನು ನಕ್ಕೆ. ಆಗ್ನೆಲ್ ನಗಲಿಲ್ಲ. ತಪ್ಪು ಮೌಲಾಲಿಯದಲ್ಲ, ನಮ್ಮದು ಅಂದರು. ಸೂಚನೆ ಅಂದಮೇಲೆ ಇದ್ದದ್ದು ಇದ್ದ ಹಾಗೆ ಇರಬೇಕು. ಯಂತ್ರ ತಾನಾಗಿ ಬರುವುದಿಲ್ಲ, ಯಾರಾದರೂ ಎಬ್ಬಿಸಬೇಕು. ಆದ್ದರಿಂದ ಅದು ಹೋಗುತ್ತೇನೆ ಅನ್ನಬೇಕು. ಕೊಂಕಣಿಯಲ್ಲಿ ನೀವೂ ಹೊರಡುವಾಗ ‘ಯೆತಾಂ’ ಅನ್ನುತ್ತೀರಲ್ಲ, ಬರುತ್ತೇನೆ ಅಂತಲೇ ಅಲ್ಲವೇ ಎಂದು ನಾನು ಎದುರು ವಾದಿಸಿದೆ. ಅವರು ತಲೆಯೆತ್ತದೆ, “ಹಾಂವ್ ಮನಿಸ್. ತೆಂ ಮಶೀನ್” ಅಂದರು. ನಾನು ಮನುಷ್ಯ, ಅದು ಯಂತ್ರ. ಮಾತು ಅಲ್ಲಿಗೆ ಮುಗಿಯಿತು. ಖರೇ ಹೇಳಬೇಕೆಂದರೆ ನನಗೂ ಡಾಕ್ಟರಮ್ಮ ಪೆಟ್ಟಿಗೆ ವಾಪಸ್ಸು ಕಳಿಸಿಬಿಟ್ಟಾರೆಂಬ ಭಯ ಹುಟ್ಟಿತ್ತು.

ಮರುದಿನ ನೀಲವ್ವನಿಗೆ ಹೇಳಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಲೋಟ ತೊಳೆದಳು, ಕಿಟಕಿಯಿಂದ ಒಳಬಂದ ನೀರು ಒರೆಸಿದಳು. ಹೊರಗೆ ಮಳೆ ಎಂಥದೆಂದರೆ ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಮೂರನೆಯ ಸಲ ಕೇಳಿದಾಗ, ಅದನ್ನೊಂದ ಬಿಟ್ಟು ಏನರ ಕೇಳು ಅಂದಳು. ನಮ್ಮ ಮನೆಗಳಲ್ಲಿ ಹೊರಟವರು ಹೋಗ್ತೇನಿ ಅನ್ನುವುದಿಲ್ಲ. ಚಿಕ್ಕವಳಿದ್ದಾಗ ನಾನೊಮ್ಮೆ ಬಾಯಿ ತಪ್ಪಿ ಅಂದು ಅವ್ವನಿಂದ ಹೊಡೆಸಿಕೊಂಡಿದ್ದೇನೆ. ಇಷ್ಟು ಗೊತ್ತಿದ್ದೂ ನಾನು ಅವಳನ್ನು ಗೋಗರೆದೆ. ನೀನು ಅನ್ನುವುದಲ್ಲ ನೀಲಕ್ಕ, ಪೆಟ್ಟಿಗೆ ಅನ್ನುವುದು. ನೀನು ಬರೀ ಅಕ್ಷರ ಓದಿದ ಹಾಗೆ ಅಂದೆ. ನಿನ್ನಿಂದಲೇ ಈ ಕೋಣೆ ಉಳಿಯಬೇಕು ಅಂತಲೂ ಅಂದೆ. ಕೊನೆಗೆ ನನ್ನ ಮುಖ ನೋಡಿ ಅವಳಿಗೆ ಕರುಣೆ ಬಂದಿರಬೇಕು. ಫೋನಿನ ಹತ್ತಿರ ಬಾಗಿ, ಕಣ್ಣು ಮುಚ್ಚಿಕೊಂಡು, ಒಂದೇ ಸಲ ಅಂದಳು.

“ಹೋಗ್ತೇನ್ರಿ.”

ಅಂದವಳೇ ಮೂಲೆಯ ನಲ್ಲಿಗೆ ಹೋಗಿ ಬಾಯಿ ಮುಕ್ಕಳಿಸಿ ಉಗುಳಿದಳು. ಸಂಜೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಮೆಟ್ಟಿಲಿಳಿಯತೊಡಗಿದಳು. ದಿನಾ ಹೊಸ್ತಿಲಲ್ಲಿ ನಿಂತು ಬರ್ತೇನಿ ಅನ್ನದೆ ಹೋದವಳಲ್ಲ. ಏನೂ ಅನ್ನದೆ ಹೊಂಟ್ಯಲ್ಲ ಅಂತ ನಾನು ಛೇಡಿಸಿದೆ. ಅರ್ಧ ಮೆಟ್ಟಿಲಲ್ಲಿ ನಿಂತು ತಿರುಗಿ ನೋಡಿದಳು.

“ಇವತ್ತಿಂದು ಆಗs ಅಂದಬಿಟ್ಟೇನಲ್ಲ, ತಂಗಿ.”

ಅವಳು ಆ ಕೋಣೆಗೆ ಮತ್ತೆ ಬರಲಿಲ್ಲ. ಮರುದಿನ ಜ್ವರ ಅಂತ ಸುದ್ದಿ ಬಂತು. ನಾನು ಅಷ್ಟರಲ್ಲಿ ಹೊಸ ದನಿಯನ್ನು ಸೇರಿಸಿ, ಹಳೆಯದರ ಜಾಗದಲ್ಲಿ ಅದೇ ಹೆಸರಿಟ್ಟು ಕೂರಿಸಿ, ಇಂಟರ್ನೆಟ್ ಇದ್ದ ಪೆಟ್ಟಿಗೆಗಳಿಗೆಲ್ಲ ಕಳಿಸಿಯಾಗಿತ್ತು. ಫೋನಿನಲ್ಲಿ ಜಾಗ ಸಾಲದೆಂದು ಮೂಲ ರೆಕಾರ್ಡುಗಳನ್ನು ಅಳಿಸಿದೆ. ಜ್ವರ ಇಳಿಯಲಿಲ್ಲ. ಚರಂಡಿಯ ನೀರು ತುಳಿದದ್ದರಿಂದ ಬಂದ ಇಲಿ ಜ್ವರ ಅಂದರು, ದೊಡ್ಡಾಸ್ಪತ್ರೆಗೆ ಸೇರಿಸಿದರು. ನಾನು ಎರಡು ಸಲ ನೋಡಿಬಂದೆ. ಎರಡನೆಯ ಸಲ ಬಾಯಲ್ಲಿ ನಳಿಗೆ ಇತ್ತು.

ಎಂಟನೆಯ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು. ಆಗ್ನೆಲ್ ಮತ್ತು ನಾನು ಎದುರುಬದುರು ಕೂತು ಕೆಲಸ ಮಾಡುತ್ತಿದ್ದೆವು. ಕರೆಂಟ್ ಇತ್ತು, ಫ್ಯಾನು ತಿರುಗುತ್ತಿತ್ತು. ಕಪಾಟಿನ ಮೇಲಿನ ನಮ್ಮ ಪೆಟ್ಟಿಗೆ ತಾನಾಗಿಯೇ ಹೋಗ್ತೇನ್ರಿ ಅಂತು. ಹಿಂದೆ ಅವಳು ಅದನ್ನು ಅಂದ ದಿನದ ಮಳೆಯ ಸದ್ದು, ಆಮೇಲೆ ನಿಶ್ಶಬ್ದ. ಆದರೆ ಪೆಟ್ಟಿಗೆ ಮುಚ್ಚಿಕೊಂಡಿರಲಿಲ್ಲ. ಅದರ ಹಸಿರು ದೀಪ ಉರಿಯುತ್ತಲೇ ಇತ್ತು. ಯಂತ್ರ ತಾನು ಮಾಡಿದ್ದನ್ನೆಲ್ಲ ಗಂಟೆ ನಿಮಿಷ ಸಮೇತ ಬರೆದಿಡುತ್ತದೆ. ಆಗ್ನೆಲ್ ಆ ಬರಹ ತೆಗೆದು ನೋಡಿದರು. ಆ ನಿಮಿಷಕ್ಕೆ ಏನೂ ಬರೆದಿರಲಿಲ್ಲ. ತೇವಕ್ಕೆ ತಂತಿ ಕೆಟ್ಟಿರಬೇಕು ಅಂದರು, ಅಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು. ನಾನು ಇದನ್ನು ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತಿರುವುದೇ ಮೊದಲು. ತಂತಿ ಕೆಟ್ಟಿತ್ತೆಂದೇ ನಂಬಲು ಇವತ್ತಿಗೂ ಪ್ರಯತ್ನ ಮಾಡುತ್ತೇನೆ.

ಆಮೇಲೆ ಆಗಸ್ಟ್ ಬಂತು. ದಿನಕ್ಕೆ ಐದಾರು ಸಲ ಕರೆಂಟ್ ಹೋಗುತ್ತಿತ್ತು, ಐದಾರು ಸಲ ನೀಲವ್ವ ಹೋಗ್ತೇನ್ರಿ ಅನ್ನುತ್ತಿದ್ದಳು, ಐದಾರು ಸಲ ಬಂದೆ ನೋಡ್ರಿ ಅನ್ನುತ್ತಿದ್ದಳು. ಮಧ್ಯೆ ಒಮ್ಮೊಮ್ಮೆ ಬಿಸಿಲು ಬೀಳುತ್ತಿತ್ತು. ಅಂಥ ಬಿಸಿಲಿನಲ್ಲಿ ಪೆಟ್ಟಿಗೆ ಹೋಗ್ತೇನ್ರಿ ಅಂದರೆ ಅವಳ ಮಾತಿನ ಹಿಂದೆ ಧೋ ಎಂದು ಮಳೆ. ಹೊರಗೆ ಒಣಗಿದ ರಸ್ತೆ, ಕೋಣೆಯೊಳಗೆ ಜುಲೈ. ಅವಳು ಕೊನೆಯದಾಗಿ ತೊಳೆದು ಬೋರಲು ಹಾಕಿಟ್ಟ ಲೋಟಗಳನ್ನು ನಾವಿಬ್ಬರೂ ಮುಟ್ಟಲಿಲ್ಲ; ಕೆಳಗಿನ ಹೋಟೆಲಿನಿಂದ ಚಹಾ ತರಿಸುತ್ತಿದ್ದೆವು.

ಕೆಪೆಯ ದವಾಖಾನೆಯಲ್ಲಿ ಬೇರೆಯೇ ಆಯಿತು. ಮೌಲಾಲಿ ಫೋನ್ ಮಾಡಿ, ಪೇಶಂಟರು ಎದ್ದು ಹೋಗಾಕತ್ತಾರ್ರಿ ಅಂದ. ಜ್ವರದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ತಾಯಿಯ ಕಿವಿಗೆ, ಕಾಣದ ಹೆಂಗಸೊಬ್ಬಳು ಹೋಗ್ತೇನ್ರಿ ಅಂದದ್ದು ಬಿದ್ದರೆ ಅವಳು ಅಲ್ಲಿ ಕೂರುತ್ತಾಳೆಯೇ? ಒಬ್ಬ ಮುದುಕಿ, ಈ ದವಾಖಾನಿಯೊಳಗ ಯಾರೋ ಹೊಂಟು ನಿಂತಾರ ಅಂತ ಹೇಳಿ ಮೊಮ್ಮಗಳ ಕೈ ಹಿಡಿದು ಎಳೆದುಕೊಂಡು ಹೋದಳಂತೆ. ಇದ್ದದ್ದು ಇದ್ದ ಹಾಗೆ ಅಂದ ಮಾತು ಯಾರಿಗೂ ಬೇಡವಾಗಿತ್ತು. ಆಗ್ನೆಲ್‌ಗೆ ಇದನ್ನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸುತ್ತಾ ಕೂತರು.

ನೀಲವ್ವನ ಗಂಡ ಹಣಮಂತಪ್ಪ ನಮ್ಮ ಕೋಣೆಗೆ ಬಂದದ್ದು ಅವಳ ದಿನಕರ್ಮ ಮುಗಿದ ಮೇಲೆ. ಬಂದರದಲ್ಲಿ ಚೀಲ ಹೊತ್ತು ಭುಜ ಒಂದು ಕಡೆಗೆ ವಾಲಿದ ಮನುಷ್ಯ, ಮಾತು ಕಡಿಮೆ. ಒದ್ದೆ ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಬಂದ ಹಾಗೆ ಒಳಗೆ ಬಂದರು. ಅಕೀ ದನಿ ಇಲ್ಲೈತಿ ಅಂತ ಓಣಿಯಲ್ಲಿ ಅಂದರಂತೆ, ಖರೇ ಏನು ಅಂತ ಕೇಳಿದರು. ನಾನು ಕುರ್ಚಿ ಹಾಕಿ, ಒಂದೊಂದನ್ನೇ ಕೇಳಿಸಿದೆ. ‘ಭಾಳ ಸೆಕಿ ಆಗಾಕತ್ತೈತ್ರಿ’ ಬಂದಾಗ ಅವರು ನಕ್ಕರು, ಮನಿಯೊಳಗೂ ಇದs ಹಾಡು ಅಂದರು. ‘ಇನ್ನ ಹಿಡಿಸೂದಿಲ್ರಿ’ ಬಂದಾಗ ಕಣ್ಣೊರೆಸಿಕೊಂಡರು. ಆಮೇಲೆ ಮುಂದೆ ಬಾಗಿ, ತಾವು ಬಂದದ್ದು ಯಾಕೆಂದು ಹೇಳಿದರು. ಆ ಬೆಳಿಗ್ಗೆ ಅವರು ಔಷಧಿ ತರಲು ಕೆಳಗಿಳಿದಿದ್ದಾಗಲೇ ನೀಲವ್ವ ಕಣ್ಣು ಮುಚ್ಚಿದ್ದಳು. ಅದಕ್ಕೂ ಮೊದಲಿನ ಮೂರು ದಿನ ಬಾಯಲ್ಲಿ ನಳಿಗೆ ಇತ್ತು. “ನನಗ ಒಂದ ಮಾತ ಹೇಳದs ಹೋಗ್ಯಾಳವ್ವಾ. ನಿಮ್ಮ ಪೆಟಗಿಯೊಳಗ ಬರ್ತೇನಿ ಅಂದದ್ದು ಐತಂತಲ್ಲ, ಅದೊಂದ ಕೇಳಸು.”

ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಕುಯ್ಯೆಂದು ಕೂಗಿಕೊಂಡಿತು. ಅದರ ಬ್ಯಾಟರಿ ಆಗಲೇ ಹಣ್ಣಾಗಿತ್ತು. ಪೆಟ್ಟಿಗೆಯ ಸ್ಪೀಕರನ್ನು ಕಿತ್ತುಬಿಡಬೇಕೆಂದು ಎದ್ದೆ, ಕೈ ತಲುಪಲಿಲ್ಲ.

ತಡೀರಿ, ಬರಕೊಳ್ಳಾಕತ್ತೇನಿ ಅಂದಳು ನೀಲವ್ವ. ಆಮೇಲೆ ಮಳೆ. ಆಮೇಲೆ, ಹೋಗ್ತೇನ್ರಿ.

ಹಣಮಂತಪ್ಪ ಎದ್ದು ನಿಂತಿದ್ದರು. ಅರೆಗತ್ತಲಲ್ಲಿ ಅವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. “ಇದು ಅಕಿ ಅಲ್ಲ” ಅಂದರು. “ದನಿ ಅಕೀದ ಐತಿ. ಮಾತ ಅಕೀದಲ್ಲ. ಅಕಿ ಹಂಗ ಅನ್ನಾಂಗಿಲ್ಲ” ಅಂದರು.

ನಾನು ಎಲ್ಲವನ್ನೂ ಹೇಳಿದೆ. ಅವಳು ಒಲ್ಲೆ ಅಂದದ್ದು, ನಾನು ಬಿಡದೆ ಅನ್ನಿಸಿದ್ದು, ಹಳೆಯದನ್ನು ಅಳಿಸಿದ್ದು. ಬೈಯಲಿ, ಹೊಡೆಯಲಿ ಅಂದುಕೊಂಡೆ. ಅವರು ಬೈಯಲಿಲ್ಲ. ಎಲ್ಲೆರ ಸಿಕ್ಕರ ಹೇಳವ್ವಾ ಅಂದರು. ಬಾಗಿಲಲ್ಲಿ ನಿಂತು ಬರ್ತೇನಿ ಅಂದರು, ಮೆಟ್ಟಿಲಿಳಿದು ಹೋದರು.

ಆವತ್ತಿನಿಂದ ನಾನು ದರ್ಯಾದ ಕೆಲಸ ಬಿಟ್ಟು ಆ ಒಂದು ಮಾತನ್ನೇ ಹುಡುಕಿದೆ. ಆಗ್ನೆಲ್ ತಂತ್ರಾಂಶದ ಪ್ರತಿಯೊಂದು ತಿದ್ದುಪಡಿಯನ್ನೂ ಹಳೆಯದರ ಸಮೇತ ಕಾಯ್ದಿಡುತ್ತಿದ್ದರು. ಎಂದೋ ಅಳಿಸಿದ ಒಂದು ಅಲ್ಪವಿರಾಮವನ್ನೂ ತೆಗೆದು ತೋರಿಸಬಲ್ಲರು. ದನಿಗಳನ್ನು ಮಾತ್ರ ಭಾರವೆಂದು ಆ ಸಂಗ್ರಹದಿಂದ ಹೊರಗಿಟ್ಟಿದ್ದರು. ಕೆಪೆಗೆ ಹೋದೆ, ಫೋಂಡಾಕ್ಕೆ ಹೋದೆ. ಎಲ್ಲ ಕಡೆಯೂ ನಾನೇ ಕಳಿಸಿದ ಹೊಸದು ಹಳೆಯದನ್ನು ನುಂಗಿ ಕೂತಿತ್ತು. ಜೂನ್ ತಿಂಗಳ ಪ್ರತಿ ಇಳಿಸಿಕೊಂಡ ಅನಾಮಿಕರಿಗೆ, ದಯವಿಟ್ಟು ಒಂದು ದನಿ ಹಿಂದಕ್ಕೆ ಕೊಡಿ ಅಂತ ನಮ್ಮ ಜಾಲತಾಣದಲ್ಲಿ ಬರೆದು ಹಾಕಿದೆ. ಉತ್ತರ ಬರಲಿಲ್ಲ. ಯಾರ ಹೆಸರನ್ನೂ ಕೇಳದೆ ಕೊಡುವುದು ಎಷ್ಟು ದೊಡ್ಡ ಗುಣವೋ ಅಷ್ಟೇ ದೊಡ್ಡ ಕತ್ತಲೆ ಅಂತ ನನಗೆ ತಿಳಿದದ್ದು ಆಗ. ಹಣಮಂತಪ್ಪ ವಾರಕ್ಕೊಮ್ಮೆ ಬಂದು ಬಾಗಿಲಲ್ಲೇ ನಿಂತು, ಸಿಕ್ತೇನವ್ವಾ ಅನ್ನುತ್ತಿದ್ದರು. ಇಲ್ಲ ಕಾಕಾ ಅನ್ನುತ್ತಿದ್ದೆ.

ಗಣಪತಿ ಹಬ್ಬದ ಮುಂಚೆ ಒಂದು ದಿನ, ಇನ್ನು ತಡೆಯಲಾರದೆ, ಎಲ್ಲ ಪೆಟ್ಟಿಗೆಗಳಿಂದ ನೀಲವ್ವನ ದನಿಯನ್ನು ತೆಗೆದೆ. ಅವು ಮೂಕವಾದವು. ಮೂಕವಾದ ಮೇಲೆ ಜನಕ್ಕೆ ಅವುಗಳ ಮೇಲಿನ ಆಸೆಯೂ ಹೋಯಿತು. ಕೆಪೆಯ ಪೆಟ್ಟಿಗೆಯನ್ನು ಮೌಲಾಲಿಯೇ ಬಸ್ಸಿನಲ್ಲಿ ತಂದುಕೊಟ್ಟ. ಟ್ರಸ್ಟಿನವರು ಕೇಳಿದ ಐದು ಕಡೆ ಆಗಲಿಲ್ಲ. ಮಳೆಗಾಲ ಮುಗಿಯಿತು, ಕೋಣೆ ಖಾಲಿ ಮಾಡಿದೆವು. ಆಗ್ನೆಲ್ ಮಗಳಿದ್ದಲ್ಲಿಗೆ, ಲಿಸ್ಬನ್‌ಗೆ ಹೋದರು. ಹೊರಡುವ ದಿನ ನನ್ನ ಕೈ ಹಿಡಿದು ‘ಯೆತಾಂ’ ಅಂದರು, ಅಂದಮೇಲೆ ತಮ್ಮ ಮಾತು ತಮಗೇ ಕೇಳಿಸಿದವರ ಹಾಗೆ ತಲೆ ತಗ್ಗಿಸಿದರು. ನಾನು ಹಡಗಿನ ಸರಕಿನ ಆಫೀಸೊಂದಕ್ಕೆ ಸೇರಿದೆ. ಹಣಮಂತಪ್ಪ ಈಗ ಭಾರ ಹೊರುವುದಿಲ್ಲ, ಒಂದು ಕಟ್ಟಡದ ಕಾವಲಿಗಿದ್ದಾರೆ. ಮಂಗೋರ್ ಹಿಲ್‌ನ ಸಂತೆಯಲ್ಲಿ ಎದುರಾದರೆ ಕೇಳುವುದಿಲ್ಲ, ಸುಮ್ಮನೆ ಒಂದು ಗಳಿಗೆ ನನ್ನ ಮುಖ ನೋಡುತ್ತಾರೆ. ಆರು ವರ್ಷ ಆ ನೋಟಕ್ಕೆ ಹೆದರಿ ನಾನು ಎಷ್ಟೋ ಸಲ ಬೇರೆ ಓಣಿ ಹಿಡಿದಿದ್ದೇನೆ.

ಕೆಪೆಯ ಅಂಗಡಿಯಲ್ಲಿ ಜನ ಕರಗುವವರೆಗೆ ಬೆಂಚಿನ ಮೇಲೆ ಕೂತಿದ್ದೆ. ಬಂದೆ ನೋಡ್ರಿ ಅನ್ನುವುದು ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇತ್ತು. ಈ ಪೆಟ್ಟಿಗೆ ಹೋಗುವಾಗ ಏನನ್ನುತ್ತದೆ ಅನ್ನುವುದೊಂದೇ ಪ್ರಶ್ನೆ. ಹುಡುಗಿಯನ್ನು ಕೇಳಿದೆ, ಈ ಪೆಟ್ಟಿಗೆ ಎಲ್ಲಿಯದು ಅಂತ. ಅಣ್ಣ ಯಾವಾಗಲೋ ಹಾಕಿಕೊಟ್ಟದ್ದು ಅಂದಳು. ಅವನೀಗ ಹಡಗಿನ ಮೇಲಿದ್ದಾನೆ. ಇಂಟರ್ನೆಟ್ಟಿಗೆ ಹಚ್ಚಿದೆಯಾ ಅಂದರೆ ಇಲ್ಲ, ಕೆಡುತ್ತದೆ, ಮುಟ್ಟಬೇಡ ಅಂತ ಅಣ್ಣ ಹೇಳಿದ್ದಾನಂತೆ. ಅವಳಿಗೆ ಕನ್ನಡ ಬಾರದು. ಒಳಗಿರುವವಳನ್ನು ಮಾವ್ಶಿ ಅನ್ನುತ್ತಾಳೆ, ಚಿಕ್ಕಮ್ಮ ಅಂತ. ಬೆಳಿಗ್ಗೆ ಮಾವ್ಶಿ ಏನೋ ಹೇಳಿ ಏಳುತ್ತಾಳೆ. ಸಂಜೆ ಅಂಗಡಿ ಮುಚ್ಚುವಾಗ ಪಾವಿನವನನ್ನು ಕರೆಯುತ್ತಾಳೆ ಅಂತ ನಕ್ಕಳು.

ಪಾವಿನವನನ್ನಾ ಅಂದೆ. ಹೌದು, ಪೋಂ ಪೋಂ ಅನ್ನುತ್ತಾಳೆ ಅಂದಳು ಹುಡುಗಿ.

ಹಣಮಂತಪ್ಪನಿಗೆ ಫೋನ್ ಹಚ್ಚಿದೆ. ನಂಬರನ್ನು ಎಂದೂ ಅಳಿಸಿರಲಿಲ್ಲ. ಎತ್ತಿದ ಕೂಡಲೇ, ಕಾಕಾ, ಕಿವಿಗೆ ಹಚ್ಚಿ ಹಿಡೀರಿ, ಏನೂ ಕೇಳಬ್ಯಾಡ್ರಿ ಅಂದೆ. ಹುಡುಗಿಗೆ, ಒಮ್ಮೆ ಪೆಟ್ಟಿಗೆ ಮುಚ್ಚು, ಕೈ ಮುಗಿಯುತ್ತೇನೆ ಅಂತ ಕೊಂಕಣಿಯಲ್ಲಿ ಬೇಡಿಕೊಂಡೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, ಬಾಗಿ, ಬಟನ್ ಒತ್ತಿದಳು. ನಾನು ನೆಲದ ಮೇಲೆ ಕೂತು ಫೋನನ್ನು ಆ ಧೂಳು ಹಿಡಿದ ಸ್ಪೀಕರಿಗೆ ಹಿಡಿದೆ.

ತಡೀರಿ, ಬರಕೊಳ್ಳಾಕತ್ತೇನಿ ಅಂದಳು ನೀಲವ್ವ. ಮಳೆಯ ಸದ್ದಿರಲಿಲ್ಲ. ಜೂನ್ ತಿಂಗಳ ಒಂದು ಸಂಜೆಯ ಬಿಸಿಲು ಆ ಮೌನದಲ್ಲಿತ್ತು. ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ಬಿಟ್ಟು ಅಂದಳು:

“ಬರ್ತೇನ್ರಿ.”

ದೂರದಲ್ಲಿ ಪಾವಿನವನ ಹಾರ್ನು. ಪೆಟ್ಟಿಗೆಯ ದೀಪ ಆರಿತು. ಫೋನನ್ನು ನನ್ನ ಕಿವಿಗೆ ಹಿಡಿದೆ. ಅವರು ಅಳುತ್ತಾರೆ ಅಂದುಕೊಂಡೆ, ಇನ್ನೊಮ್ಮೆ ಕೇಳಿಸು ಅನ್ನುತ್ತಾರೆ ಅಂದುಕೊಂಡೆ. ಬಹಳ ಹೊತ್ತಿನ ಮೇಲೆ ಹಣಮಂತಪ್ಪನ ದನಿ ಬಂತು. ನನಗಲ್ಲ, ಅವಳಿಗೆ.

“ಹೂಂ. ಹೋಗಿ ಬಾ.”